ಮೊಸಳೆಯ ತಲೆ ಹಾರಿಸಿದವಳು ಏನಂದಳು?

ಮೈಕ್ ಫಿಂಕ್ ಅಂತ ಒಬ್ಬ ದೋಣಿಯವನಿದ್ದ. ಮಿಸಿಸಿಪಿ ನದಿಯ ಮೇಲೆ ತನಗೆ ಸಮನಾದ ಗಂಡಸಿಲ್ಲ ಅಂತ ಅವನೇ ಸಾರಿಕೊಂಡು ತಿರುಗುತ್ತಿದ್ದ. ಅಂಥವನಿಗೂ ಒಂದು ಕೊರಗು. ಡೇವಿ ಕ್ರೊಕೆಟ್‌ನ ಹೆಂಡತಿ ಅವನಿಗೆ ಹೆದರುತ್ತಿರಲಿಲ್ಲ. ಏನೇನೋ ಆಟ ಹೂಡಿ ನೋಡಿದ, ಆಕೆ ಕ್ಯಾರೇ ಅನ್ನಲಿಲ್ಲ. ಕೊನೆಗೆ ಗಂಡನ ಹತ್ತಿರವೇ ಹೋಗಿ ಹನ್ನೆರಡು ಕಾಡುಬೆಕ್ಕುಗಳ ಬಾಜಿ ಕಟ್ಟಿದ. ನಿನ್ನ ಹೆಂಡತಿಯ ಹಲ್ಲು ಅಲ್ಲಾಡಬೇಕು, ಕಾಲುಗುರು ಕಳಚಬೇಕು, ಹಾಗೆ ಹೆದರಿಸುತ್ತೇನೆ ನೋಡು ಅಂದ. ನದಿಗೆ ದೊಡ್ಡ ನೆರೆ ಬಂದು ಹೋದ ಮೇಲೆ ಒಂದು ಸಂಜೆ, ಹಳೆಯ ಮೊಸಳೆ ಚರ್ಮದೊಳಗೆ ತೂರಿಕೊಂಡು ಆಕೆ ಅಡ್ಡಾಡುವ ದಾರಿಯಲ್ಲಿ ಕಾದ. ಆಕೆ ಬಂದಳು. ಇವನು ಮೊಸಳೆಯ ಬಾಯಿ ಅಗಲಿಸಿ ಎಂಥಾ ಕೂಗು ಹಾಕಿದ ಅಂದರೆ, ಆ ಕೂಗಿಗೆ ಅವನೇ ಬೆಚ್ಚಿ ಚರ್ಮದಿಂದ ಹೊರಗೆ ಬೀಳುವುದರಲ್ಲಿದ್ದ. ಆಕೆ ಜಗ್ಗಲಿಲ್ಲ. ಇವನು ಇನ್ನೂ ಹತ್ತಿರ ಬಂದು ಮುಂಗಾಲು ಚಾಚಿ ಅಪ್ಪಿಕೊಳ್ಳಲು ಹೋದ. ಆಗ ಬಂತು ನೋಡಿ ಸಿಟ್ಟು, ಮಿಸಿಸಿಪಿಯ ನೆರೆಗಿಂತ ಒಂದು ಗೇಣು ಮೇಲೆ. ಆಕೆಯ ಕಣ್ಣಿಂದ ಹೊಡೆದ ಮಿಂಚಿಗೆ ಅರ್ಧ ಗಂಟೆ ಹೊತ್ತು ಪಟ್ಟಾಪಗಲಾಯಿತು. ಬಾಜಿ ನೆನಪಿದ್ದ ಫಿಂಕ್ ಆದರೂ ಬಾಲ ಅಲ್ಲಾಡಿಸುತ್ತಾ ಮುಂದೆ ಬಂದ. ಆಕೆ ಹಲ್ಲುಕಡ್ಡಿ ತೆಗೆದು ಒಂದೇ ಸಲ ಬೀಸಿದಳು. ಮೊಸಳೆಯ ತಲೆ ಕುತ್ತಿಗೆ ಸಮೇತ ಐವತ್ತು ಅಡಿ ದೂರ ಹೋಗಿ ಬಿತ್ತು. ಫಿಂಕ್‌ನ ನೆತ್ತಿ ಸವರಿದ ಹಾಗೆ ಹಾದುಹೋಗಿತ್ತು ಅಲಗು. ಒಳಗಿರುವುದು ಯಾರು ಅಂತ ಗೊತ್ತಾದ ಮೇಲೆ ಹಲ್ಲುಕಡ್ಡಿ ಬಿಸಾಕಿ, ಅಂಗಿಯ ತೋಳು ಮೇಲಕ್ಕೆ ಸರಿಸಿ, ಬರೀ ಕೈಯಲ್ಲಿ ಚಚ್ಚಿದಳು. ಪ್ರಜ್ಞೆ ತಪ್ಪಿ ಬಿದ್ದ ಫಿಂಕ್ ಎದ್ದ ಮೇಲೆ, ತನ್ನನ್ನು ನಿಜವಾದ ಮೊಸಳೆಯೇ ಅಗಿದು ನುಂಗಿತ್ತು ಅಂತ ಆಣೆ ಇಟ್ಟು ಹೇಳಿದನಂತೆ.

ಮಗಳ ಶಾಲೆಯಲ್ಲಿ ಆಗ ಇಂಥ ಬಡಾಯಿ ಕತೆಗಳ ಪಾಠ ನಡೆಯುತ್ತಿತ್ತು. ಅಮೆರಿಕದ ಮಕ್ಕಳು ಪಾಲ್ ಬನಿಯನ್, ಪೇಕೋಸ್ ಬಿಲ್ ಇವರನ್ನೆಲ್ಲ ಓದಿಯೇ ಮುಂದಿನ ಕ್ಲಾಸಿಗೆ ಹೋಗುತ್ತಾರೆ. ಅವಳಿಗಾಗಿ ಹುಡುಕುತ್ತಾ ನನಗೆ ಮಿಸೆಸ್ ಕ್ರೊಕೆಟ್ ಸಿಕ್ಕಿದಳು. ಅಮ್ಮ ಆ ಚಳಿಗಾಲ ಡಲ್ಲಾಸ್‌ನಲ್ಲಿ ನಮ್ಮ ಜೊತೆಗಿದ್ದಳು. ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಾನು ಕತೆಯನ್ನು ಕನ್ನಡದಲ್ಲೇ ಹೇಳಿದೆ, ಇಬ್ಬರಿಗೂ ಆಗಲಿ ಅಂತ. ಮೊಸಳೆ ಬಾಲ ಅಲ್ಲಾಡಿಸುವಲ್ಲಿಗೆ ಬರುವ ಹೊತ್ತಿಗೆ ಅಮ್ಮ ಸೊಪ್ಪು ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು, ಅಷ್ಟು ನಗು. ಮಗಳು ತೋಳು ಮೇಲಕ್ಕೆ ಸರಿಸಿ ಸೋಫಾ ದಿಂಬನ್ನು ಚಚ್ಚಿ ತೋರಿಸಿದಳು. ಎಲ್ಲ ಮುಗಿದ ಮೇಲೆ ಅಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿ, "ಸರಿ, ಅವ್ಳೇನಂದ್ಲು?" ಅಂತ ಕೇಳಿದಳು. ನನಗೆ ಅರ್ಥವಾಗಲಿಲ್ಲ. "ಅಲ್ಲಾ ಕಣೇ, ಅಷ್ಟು ಹೊಡೆದ ಮೇಲೆ ಏನಾದ್ರೂ ಅಂದಿರ್ತಾಳಲ್ವಾ? ನಾನಾಗಿದ್ರೆ ಅವನ ಏಳು ತಲೆಮಾರು ಜಾಲಾಡ್ತಿದ್ದೆ. ಗಂಡನಿಗಾದ್ರೂ ಏನಾದ್ರೂ ಅಂದ್ಲೋ ಇಲ್ವೋ? ಬಾಜಿಗೆ ಒಪ್ಕೊಂಡವನು ಅವನೇ ತಾನೆ?"

ಪುಸ್ತಕ ತೆಗೆದು ಮತ್ತೆ ಓದಿದೆ. ಆಕೆ ಏನೂ ಅನ್ನುವುದಿಲ್ಲ. ಇಡೀ ಕತೆಯಲ್ಲಿ ಆಕೆಗೆ ಒಂದೇ ಒಂದು ಮಾತಿಲ್ಲ. ಕಣ್ಣಲ್ಲಿ ಮಿಂಚಿದೆ, ಕೈಯಲ್ಲಿ ಚೂರಿಯಂಥ ಹಲ್ಲುಕಡ್ಡಿ ಇದೆ, ತೋಳಲ್ಲಿ ನದಿಯ ಸೊಕ್ಕಿದೆ. ಬಾಯಿ ಮಾತ್ರ ಇಲ್ಲ. ಕತೆ ಹೇಳುತ್ತಿರುವವನು ಗಂಡ. "ನನ್ನ ಹೆಂಡತಿಯನ್ನು ಹೆದರಿಸಲು ಬಂದವನ ಗತಿ ಏನಾಯಿತು ಅಂತ ಕೇಳಿ" ಅಂತ ಊರವರ ಮುಂದೆ ಅವನು ಬಡಾಯಿ ಕೊಚ್ಚಿಕೊಳ್ಳುತ್ತಿದ್ದಾನೆ. ಅಮ್ಮನ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ. ಸಿಕ್ಕ ಸಿಕ್ಕ ಬಡಾಯಿ ಕತೆಯನ್ನೆಲ್ಲ ಅದೇ ಪ್ರಶ್ನೆ ಹಿಡಿದು ಓದತೊಡಗಿದೆ.

ಪಂಚಾಂಗದ ಹೆಂಗಸರು

ಈ ಕತೆಗಳು ಮೊದಲು ಅಚ್ಚಾದದ್ದು ಆಲ್ಮನಾಕ್‌ಗಳಲ್ಲಿ. ನಮ್ಮ ಮನೆಗಳಲ್ಲಿ ಗೋಡೆಯ ಮೊಳೆಗೆ ನೇತುಹಾಕುವ ಒಂಟಿಕೊಪ್ಪಲ್ ಪಂಚಾಂಗದ ಹಾಗೆ ಅದು ಅವರ ಮನೆಯ ವರ್ಷದ ಪುಸ್ತಕ. ಸೂರ್ಯ ಹುಟ್ಟುವ ಹೊತ್ತು, ಅಮಾವಾಸ್ಯೆ ಹುಣ್ಣಿಮೆ, ಹವೆ, ಎಲ್ಲ ಇರುತ್ತಿತ್ತು. ಕ್ರೊಕೆಟ್ ಹೆಸರಿನ ಆಲ್ಮನಾಕ್‌ಗಳು 1835ರಿಂದ 1856ರವರೆಗೆ ಬಂದವು. ಅವುಗಳಲ್ಲಿ ತಿಥಿ ನೋಡುವ ಪುಟಗಳ ನಡುವೆ ಕರಡಿ ಬೇಟೆ, ಮೊಸಳೆ ಸವಾರಿ, ಒರಟು ಮರದಚ್ಚಿನ ಚಿತ್ರಗಳು. ಡೇವಿ ಕ್ರೊಕೆಟ್ ನಿಜವಾದ ಮನುಷ್ಯ. ಟೆನೆಸೀಯ ಬಡ ರೈತ, ಬೇಟೆಗಾರ, ಅಮೆರಿಕದ ಸಂಸತ್ತಿಗೆ ಆಯ್ಕೆಯಾಗಿದ್ದವನು. 1836ರ ಮಾರ್ಚ್ 6ರಂದು ಟೆಕ್ಸಾಸ್‌ನ ಅಲಮೋ ಕೋಟೆಯಲ್ಲಿ, ಮೆಕ್ಸಿಕೋ ಸೈನ್ಯದ ಜೊತೆಗಿನ ಯುದ್ಧದಲ್ಲಿ ಸತ್ತ. ಅವನು ಸತ್ತ ಮೇಲೂ ಇಪ್ಪತ್ತು ವರ್ಷ ಆಲ್ಮನಾಕ್‌ನ ಕ್ರೊಕೆಟ್ "ನಾನು, ನನ್ನ ಹೆಂಡತಿ, ನನ್ನ ಮಕ್ಕಳು" ಅಂತ ಬಡಾಯಿ ಕೊಚ್ಚುತ್ತಲೇ ಇದ್ದ. ಮೊದಲ ಸಂಚಿಕೆಗಳ ಮೇಲೆ ಟೆನೆಸೀಯ ನ್ಯಾಶ್‌ವಿಲ್ ಅಂತ ಅಚ್ಚಾಗಿದ್ದರೂ, ಅವು ತಯಾರಾಗಿದ್ದು ಬಾಸ್ಟನ್‌ನಲ್ಲಿ ಅನ್ನುತ್ತಾರೆ ತಿಳಿದವರು. ಅಂದರೆ ಗಡಿಯ ಕಾಡನ್ನು ಕಣ್ಣಲ್ಲಿ ನೋಡದ ಪಟ್ಟಣದ ಬರಹಗಾರರು ಬೆಂಕಿಗೂಡಿನ ಪಕ್ಕ ಕೂತು ಕಟ್ಟಿದ ಕಾಡು.

ಆ ಕಾಡಿನ ಹೆಂಗಸರನ್ನು ನೋಡಬೇಕು. ಒಬ್ಬಳ ಭಾನುವಾರದ ಟೋಪಿ ಅಂದರೆ ಕಣಜದ ಗೂಡು. ಅದಕ್ಕೆ ತೋಳದ ಬಾಲ, ಹದ್ದಿನ ಗರಿಯ ಸಿಂಗಾರ. ಉಡುಪು ಒಂದಿಡೀ ಕರಡಿಯ ಚರ್ಮ, ಹಿಂದೆ ನೆಲ ಗುಡಿಸುವ ಸೆರಗಿನ ಜಾಗದಲ್ಲಿ ಕರಡಿಯ ಬಾಲ. ಮಿಸಿಸಿಪಿಯನ್ನು ನೀರು ತಾಗದ ಹಾಗೆ ನಡೆದು ದಾಟುತ್ತಾಳೆ. ತನ್ನ ನೆರಳನ್ನು ತಾನೇ ಹಾರಿ ದಾಟುತ್ತಾಳೆ. ಕಿರುಚಿದರೆ ಕಾಡುಬೆಕ್ಕು ಸೋಲಬೇಕು. ಮೈಕ್ ಫಿಂಕ್‌ನ ಮಗಳು ಸ್ಯಾಲ್ ಫಿಂಕ್ ಇನ್ನೂ ಒಂದು ಕೈ ಮೇಲೆ. ಆರು ವರ್ಷದವಳಿದ್ದಾಗ ನದಿಯಲ್ಲಿ ಸಿಕ್ಕಿಕೊಂಡ ಮರದ ಬೊಡ್ಡೆಗಳ ಮೇಲೆ ಜೀಕಾಡಿ, ಆಟ ಮುಗಿದ ಮೇಲೆ ಅವನ್ನು ಲಟಕ್ಕನೆ ಮುರಿದು ಎಸೆಯುತ್ತಿದ್ದಳು. ಅದರಿಂದಲೇ ಹಡಗಿನ ದಾರಿ ಸಲೀಸಾಯಿತಂತೆ. ಒಮ್ಮೆ ಸಿಡಿಲಿನ ಜೊತೆ ದ್ವಂದ್ವಯುದ್ಧ ಮಾಡಿ, ಸಿಡಿಲನ್ನು ಚೂರು ಚೂರು ಮಾಡಿ, ಆ ಚೂರುಗಳನ್ನು ಫಿರಂಗಿ ಹೊತ್ತಿಸಲು ಸರ್ಕಾರದ ಸಿಪಾಯಿಗಳಿಗೆ ಕೊಟ್ಟಳು. ಮೊಸಳೆಯ ಬೆನ್ನ ಮೇಲೆ ನೆಟ್ಟಗೆ ನಿಂತು ಕುಣಿಯುತ್ತಾ ಹೊಳೆಯಲ್ಲಿ ಇಳಿದು ಬಂದರೆ ಉಗಿ ಹಡಗುಗಳು ಹಿಂದೆ ಬೀಳುತ್ತಿದ್ದವು.

ನನಗೆ ಈ ಹೆಂಗಸರೆಂದರೆ ನಿಜಕ್ಕೂ ಪ್ರೀತಿ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ, ಪಟ್ಟಣದ ಹೆಂಗಸರಿಗೆ ಸೊಂಟ ಬಿಗಿಯುವ ಉಡುಪು ತೊಡಿಸಿ ಮೆಲ್ಲಗೆ ಮಾತಾಡಬೇಕು ಅಂತ ಕಲಿಸುತ್ತಿದ್ದ ಕಾಲದಲ್ಲಿ, ಒಬ್ಬಳು ಕಣಜದ ಗೂಡನ್ನು ತಲೆಗಿಟ್ಟುಕೊಂಡು ಚರ್ಚಿಗೆ ಹೊರಡುವ ಚಿತ್ರ ಅಚ್ಚಾಯಿತಲ್ಲ, ಅದು ಸಣ್ಣ ವಿಷಯವಲ್ಲ. ಆದರೆ ನಾನು ಓದಿದ ಕತೆಗಳಲ್ಲಿ ಹೆಚ್ಚಿನವು ಅಮ್ಮನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ದೋಣಿಯವರು ಜಗಳಕ್ಕೆ ಮುಂಚೆ ನೆಗೆದು ಚಪ್ಪಾಳೆ ತಟ್ಟಿ "ನಾನು ಅರ್ಧ ಕುದುರೆ, ಅರ್ಧ ಮೊಸಳೆ" ಅಂತ ಕೂಗುತ್ತಿದ್ದರು. ಬಡಾಯಿಯ ರುಚಿ ಇರುವುದೇ ಆ "ನಾನು"ವಿನಲ್ಲಿ. ಹೆಂಗಸರ ಕತೆಯಲ್ಲಿ ಆ ರುಚಿ ಗಂಡನ ಪಾಲು, ಇಲ್ಲವೇ ಅಪ್ಪನ ಪಾಲು. ಎಂಥಾ ಕುದುರೆ ಕಟ್ಟಿದ್ದೇನೆ, ಎಂಥಾ ನಾಯಿ ಸಾಕಿದ್ದೇನೆ, ಎಂಥಾ ಹೆಂಡತಿಯನ್ನು ಇಟ್ಟುಕೊಂಡಿದ್ದೇನೆ ನೋಡಿ, ಅನ್ನುವ ಸಾಲಿನಲ್ಲಿ ಆಕೆಯೂ ಒಬ್ಬಳು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸ್ಯಾಲ್ ಫಿಂಕ್‌ಳ ಬಹಳ ಪ್ರಸಿದ್ಧ ಕತೆಯನ್ನು ನಾನು ಮಗಳಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಅದರಲ್ಲಿ ಮೂಲನಿವಾಸಿಗಳು ಅವಳನ್ನು ಹಿಡಿದು ಕಟ್ಟುತ್ತಾರೆ. ಅವಳು ಬಿಡಿಸಿಕೊಂಡು ಅವರನ್ನೇ ಅವರ ಬೆಂಕಿಯಲ್ಲಿ ಸುಡುತ್ತಾಳೆ. ಅದನ್ನು ತಮಾಷೆ ಅಂತಲೇ ಬರೆದಿದ್ದಾರೆ. ಮೊಸಳೆ ಕತೆಯ ಮೂಲದಲ್ಲೂ ಮೂಲನಿವಾಸಿ ಹೆಂಗಸರನ್ನು, ಕಪ್ಪು ಜನರನ್ನು ಹೀನಾಯವಾಗಿ ಆಡಿಕೊಳ್ಳುವ ಒಂದು ಸಾಲಿದೆ. ನಾನು ಹೇಳುವಾಗ ಅದನ್ನು ಬಿಟ್ಟೆ. ನಿಜವಾದ ಕ್ರೊಕೆಟ್ 1830ರಲ್ಲಿ, ಮೂಲನಿವಾಸಿಗಳನ್ನು ಅವರ ನೆಲದಿಂದ ಓಡಿಸುವ ಕಾನೂನಿಗೆ ಸಂಸತ್ತಿನಲ್ಲಿ ವಿರೋಧವಾಗಿ ಮತ ಹಾಕಿದವನು. ಅವನದೇ ರಾಜ್ಯದವನಾದ ಅಧ್ಯಕ್ಷ ಜಾಕ್ಸನ್ ತಂದ ಕಾನೂನು ಅದು. ಅದನ್ನು ವಿರೋಧಿಸುವುದಕ್ಕೆ ಗುಂಡಿಗೆ ಬೇಕಿತ್ತು. ಸತ್ತ ಮೇಲೆ ಅವನ ಹೆಸರಿನ ಆಲ್ಮನಾಕ್‌ಗಳು ಅದೇ ಜನರನ್ನು ಕೊಲ್ಲುವುದನ್ನು ನಗೆಯಾಗಿ ಮಾರಿದವು. ಹೇಳುವ ಬಾಯಿ ಒಂದು ಸಲ ಬೇರೆಯವರ ಕೈಗೆ ಹೋದರೆ ಗಂಡಸಿಗೂ ಇದೇ ಗತಿ.

ಪೇಕೋಸ್ ಬಿಲ್ ಅನ್ನುವ ಬಡಾಯಿ ಕತೆಯ ದನಗಾಹಿಯ ಮದುಮಗಳು ಸ್ಲೂ-ಫುಟ್ ಸೂ. ಅವಳದು ಚಿಕ್ಕ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಪೇಕೋಸ್ ಬಿಲ್ ಅವಳನ್ನು ಮೊದಲು ನೋಡಿದಾಗ ರಿಯೋ ಗ್ರಾಂಡೆ ನದಿಯಲ್ಲಿ ದೈತ್ಯ ಮೀನೊಂದರ ಬೆನ್ನೇರಿ ಬರುತ್ತಿದ್ದಳು. ಅಲ್ಲಿಗೆ ಅವಳ ಒಳ್ಳೇ ದಿನ ಮುಗಿಯಿತು. ಮದುವೆಯ ದಿನ ಬಿಲ್‌ನ ಕುದುರೆ ಹತ್ತಿದಳು, ಕುದುರೆ ಕೆಡವಿತು, ಲಂಗದ ಹಿಂದಿನ ಸ್ಪ್ರಿಂಗ್ ಕಟ್ಟು ನೆಲಕ್ಕೆ ತಾಗಿ ಆಕಾಶಕ್ಕೆ ಪುಟಿದಳು. ಬಿದ್ದಳು, ಮತ್ತೆ ಪುಟಿದಳು. ಹಸಿವಿನಿಂದ ಸಾಯಬಾರದು ಅಂತ ಕೊನೆಗೆ ಬಿಲ್ ಗುಂಡು ಹೊಡೆದ ಅನ್ನುತ್ತದೆ ಒಂದು ರೂಪ. ಈಗಿನ ಮಕ್ಕಳ ಪುಸ್ತಕಗಳು ಅಷ್ಟು ದೂರ ಹೋಗುವುದಿಲ್ಲ. ಆದರೂ ಮಗಳು ಆ ಪುಟದಲ್ಲಿ ನಗಲಿಲ್ಲ. ಮೀನಿನ ಮೇಲೆ ಅಷ್ಟು ಚೆನ್ನಾಗಿ ನಿಲ್ಲುತ್ತಿದ್ದವಳು ಕುದುರೆ ಮೇಲೆ ಯಾಕೆ ಬಿದ್ದಳು ಅಂತ ಕೇಳಿದಳು. ಮದುವೆಯಾಗಿದ್ದಕ್ಕೆ ಬಿದ್ದಳು ಅನ್ನುವುದು ಬಿಟ್ಟರೆ ಕತೆಯೊಳಗೆ ಬೇರೆ ಕಾರಣವಿಲ್ಲ.

ನಿಜವಾದ ಮಿಸೆಸ್ ಕ್ರೊಕೆಟ್

ಮೊಸಳೆಯ ತಲೆ ಹಾರಿಸಿದವಳು ಕಟ್ಟುಕತೆ. ಆದರೆ ಡೇವಿ ಕ್ರೊಕೆಟ್‌ಗೆ ನಿಜವಾದ ಹೆಂಡತಿಯರು ಇದ್ದರು. ಮೊದಲನೆಯವಳು ಪಾಲಿ 1815ರಲ್ಲಿ ತೀರಿಕೊಂಡಳು, ಮೂವರು ಸಣ್ಣ ಮಕ್ಕಳನ್ನು ಬಿಟ್ಟು. ಆಮೇಲೆ ಅವನು ಎಲಿಜಬೆತ್ ಪ್ಯಾಟನ್‌ಳನ್ನು ಮದುವೆಯಾದ. ಆಕೆಯ ಗಂಡನೂ ಯುದ್ಧದಲ್ಲಿ ಸತ್ತಿದ್ದ, ಆಕೆಗೂ ಇಬ್ಬರು ಮಕ್ಕಳು. ಆ ಮದುವೆಯದ್ದೇ ಒಂದು ಕತೆ ಇದೆ. ನೆಂಟರೆಲ್ಲ ಮದುಮಗಳು ಬರುವ ಬಾಗಿಲನ್ನೇ ನೋಡುತ್ತಾ ಕೂತಿದ್ದಾಗ ಒಂದು ಹಂದಿ ಗುರುಗುಡುತ್ತಾ ಒಳಗೆ ಬಂತಂತೆ. ಡೇವಿ ಎದ್ದು ಅದನ್ನು ಹೊರಗಟ್ಟಿ, "ಇನ್ನು ಮೇಲೆ ಈ ಮನೆಯಲ್ಲಿ ಗುರುಗುಟ್ಟುವುದು ನನ್ನ ಕೆಲಸ" ಅಂದನಂತೆ. ಎಲ್ಲರೂ ನಕ್ಕರು. ಎಲಿಜಬೆತ್ ನಕ್ಕಳೋ ಇಲ್ಲವೋ, ಕತೆ ಹೇಳುವುದಿಲ್ಲ.

ಆದರೆ ಎಲಿಜಬೆತ್‌ಳ ಒಂದು ಮಾತು ಉಳಿದಿದೆ. ಅದನ್ನು ಉಳಿಸಿದವನು ಗಂಡನೇ, 1834ರಲ್ಲಿ ಬಂದ ಆತ್ಮಕತೆಯಲ್ಲಿ. ಅವರು ಟೆನೆಸೀಯ ಶೋಲ್ ಕ್ರೀಕ್ ಅನ್ನುವ ಹೊಳೆಯ ದಂಡೆಯಲ್ಲಿ ಹಿಟ್ಟಿನ ಗಿರಣಿ, ಮದ್ದಿನಪುಡಿ ಗಿರಣಿ, ಸಾರಾಯಿ ಭಟ್ಟಿ ಹಾಕಿಕೊಂಡಿದ್ದರು. ಮೂರು ಸಾವಿರ ಡಾಲರಿಗೂ ಜಾಸ್ತಿ ಅದರಲ್ಲಿ ಹೋಗಿತ್ತು, ಸಾಲವೂ ಇತ್ತು. 1821ರಲ್ಲಿ ಡೇವಿ ಮೊದಲ ಸಲ ರಾಜ್ಯದ ಶಾಸನಸಭೆಗೆ ಗೆದ್ದು ಅಧಿವೇಶನಕ್ಕೆ ಹೋಗಿದ್ದಾಗ ನೆರೆ ಬಂತು. ಗಿರಣಿಗಳು ಕೊಚ್ಚಿಹೋದವು. ಅವನು ಓಡಿ ಬಂದ. ಕೆಲವು ಹೆಂಗಸರ ಹಾಗೆ ಇದನ್ನು ಮುಚ್ಚಿಡು, ಅದನ್ನು ಬಚ್ಚಿಡು ಅಂತ ನನ್ನ ಹೆಂಡತಿ ಹೇಳಲಿಲ್ಲ ಅಂತ ಬರೆಯುತ್ತಾನೆ. ಆಕೆ ಅಂದದ್ದು ಇಷ್ಟು: ನಿನ್ನ ಹತ್ತಿರ ಕೊನೆಯ ಬಿಡಿಕಾಸು ಇರುವವರೆಗೂ ಎಲ್ಲರ ಬಾಕಿ ತೀರಿಸು, ಆಗ ಎಲ್ಲರಿಗೂ ಸಮಾಧಾನ, ನಾವು ಮತ್ತೆ ಹೆಣಗಾಡಿ ಸಂಪಾದಿಸೋಣ. ಇದ್ದದ್ದೆಲ್ಲ ಕೊಟ್ಟು, ಅವರು ಇನ್ನೂ ಪಶ್ಚಿಮದ ಕಾಡಿಗೆ ಗುಳೆ ಹೋದರು.

ಆ ಮಾತನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ. ಮಿಸಿಸಿಪಿಯ ನೆರೆಯನ್ನು ಕಣ್ಣಲ್ಲಿ ತುಂಬಿಕೊಂಡ ಕಟ್ಟುಕತೆಯ ಹೆಂಗಸಿಗೆ ಇಲ್ಲದ ಬಾಯಿ, ಒಂದು ಸಣ್ಣ ಹೊಳೆಯ ನೆರೆಗೆ ಸಿಕ್ಕಿ ಎಲ್ಲ ಕಳೆದುಕೊಂಡ ಹೆಂಗಸಿಗಿತ್ತು. ಆಕೆ ಅಂದದ್ದು ಮನೆಯ ಲೆಕ್ಕಾಚಾರದ ಮಾತು. ಸಾಲ ಕೊಟ್ಟವರು ಬಾಗಿಲಲ್ಲಿ ನಿಂತ ಮನೆಯಲ್ಲಿ ಬೆಳೆದವರಿಗೆ ಆ ಮಾತಿನ ತೂಕ ಗೊತ್ತು. ಗಂಡ ಅಲಮೋದಲ್ಲಿ ಸತ್ತ ಮೇಲೆ ಆಕೆ 1850ರ ದಶಕದಲ್ಲಿ, ಆ ಯುದ್ಧದಲ್ಲಿ ಸತ್ತವರ ಮನೆಯವರಿಗೆ ಅಂತ ಟೆಕ್ಸಾಸ್ ಕೊಟ್ಟ ಜಮೀನು ಹುಡುಕಿಕೊಂಡು ಮಗ ರಾಬರ್ಟ್ ಜೊತೆ ಬಂದಳು. 1860ರಲ್ಲಿ ಅಲ್ಲೇ ತೀರಿಕೊಂಡಳು. ಆ ಊರು ಆಕ್ಟನ್, ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಗೂ ಜಾಸ್ತಿ ದಾರಿ.

ಹೋಗಿ ನೋಡಿಬಂದೆವು. ಊರಿನ ಸ್ಮಶಾನದೊಳಗೆ, ಒಂದು ಕೋಣೆಯಷ್ಟು ಜಾಗ. ಟೆಕ್ಸಾಸ್ ರಾಜ್ಯದ ಸ್ಮಾರಕಗಳಲ್ಲಿ ಅದೇ ಅತಿ ಚಿಕ್ಕದು. ಎತ್ತರದ ಕಲ್ಲಿನ ಮೇಲೆ ಒಬ್ಬ ಹೆಂಗಸು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಾ ನಿಂತಿದ್ದಾಳೆ. ಗಂಡ ಬರುತ್ತಾನೇನೋ ಅಂತ ನೋಡುವ ಹಾಗೆ. ಬಿಸಿಲು ಜೋರಾಗಿತ್ತು, ಮಗಳು ಕೆಳಗೆ ನಿಂತು ಅದೇ ಥರ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ನನಗೆ ಬೇಸರವೇ ಆಯಿತು. ಐವತ್ತು ದಾಟಿದ ಮೇಲೆ ಸಂಸಾರ ಕಟ್ಟಿಕೊಂಡು ಹೊಸ ರಾಜ್ಯಕ್ಕೆ ಬಂದು ಕಾಡು ಕಡಿದು ಮನೆ ಮಾಡಿದವಳು ಆಕೆ. ಕಲ್ಲಿನಲ್ಲಿ ಕೆತ್ತುವಾಗಲೂ ಗಂಡನ ದಾರಿ ಕಾಯುವುದಕ್ಕೇ ನಿಲ್ಲಿಸಿದ್ದಾರೆ. ನನ್ನ ಕೈಗೆ ಬಿಟ್ಟಿದ್ದರೆ ಆ ಕಲ್ಲಿನ ಮೇಲೆ ಸಾಲ ತೀರಿಸುವ ಮಾತನ್ನು ಕೆತ್ತಿಸುತ್ತಿದ್ದೆ.

ತಾನೇ ಬಡಾಯಿ ಕೊಚ್ಚಿದವಳು

ಹಾಗಾದರೆ ಹೆಂಗಸು ತಾನೇ "ನಾನು" ಅಂತ ಶುರು ಮಾಡಿದ್ದರೆ? ಒಬ್ಬಳು ಮಾಡಿದಳು. ಮಾರ್ಥಾ ಜೇನ್ ಕ್ಯಾನರಿ, ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕೆಲಾಮಿಟಿ ಜೇನ್, ಅಂದರೆ ವಿಪತ್ತಿನ ಜೇನ್. 1896ರಲ್ಲಿ ಅವಳ ಜೀವನದ ಒಂದು ಕಿರುಪುಸ್ತಕ ಬಂತು, ಕೆಲವೇ ಪುಟಗಳದ್ದು. ಅವಳಿಗೆ ಬರೆಯಲು ಬರುತ್ತಿರಲಿಲ್ಲ ಅನ್ನುತ್ತಾರೆ, ಹೇಳಿ ಬರೆಸಿದ್ದು. ಆ ವರ್ಷ ಅವಳನ್ನು ಒಂದು ಪ್ರದರ್ಶನದ ಕಂಪನಿ ಮಿನಿಯಾಪೊಲಿಸ್‌ಗೆ ಕರೆಸಿತ್ತು, ಟಿಕೆಟ್ ಕೊಟ್ಟು ಬಂದವರ ಮುಂದೆ ನಿಂತು ಕತೆ ಹೇಳಲು. ಕಿರುಪುಸ್ತಕವನ್ನು ಅವಳೇ ಕೈಯಿಂದ ಕೈಗೆ ಮಾರುತ್ತಿದ್ದಳು. ಅಷ್ಟು ಹೊತ್ತಿಗಾಗಲೇ ಸುಮಾರು ಇಪ್ಪತ್ತು ವರ್ಷದಿಂದ ಪೂರ್ವದ ಪಟ್ಟಣಗಳಲ್ಲಿ ಅವಳ ಹೆಸರು ಹಾಕಿಕೊಂಡ ಐದು-ಹತ್ತು ಸೆಂಟಿನ ಕಾದಂಬರಿಗಳು ಬರುತ್ತಿದ್ದವು. ಅವಳ ಹೆಸರಿನಲ್ಲಿ ಎಲ್ಲರೂ ಬಡಾಯಿ ಕೊಚ್ಚಿ ದುಡ್ಡು ಮಾಡಿದ ಮೇಲೆ, ಕೊನೆಗೆ ಅವಳು ತನ್ನ ಪಾಲು ಕೇಳಿದಳು.

ಎಷ್ಟು ಚೆನ್ನಾಗಿ ಹೇಳುತ್ತಾಳೆ ಗೊತ್ತಾ! ಅವಳ ಬಾಯಲ್ಲೇ ಕೇಳಿ. ವಯೋಮಿಂಗ್‌ನಲ್ಲಿ ಸೈನ್ಯದ ಜೊತೆಗಿದ್ದಾಗ ಕ್ಯಾಪ್ಟನ್ ಈಗನ್‌ಗೆ ಗುಂಡು ತಾಗಿ ಕುದುರೆಯಿಂದ ಬೀಳುವುದರಲ್ಲಿದ್ದ. ನಾನು ಕುದುರೆ ತಿರುಗಿಸಿ ನಾಗಾಲೋಟದಲ್ಲಿ ಹೋಗಿ, ಬೀಳುವ ಹೊತ್ತಿಗೆ ಸರಿಯಾಗಿ ಹಿಡಿದು, ನನ್ನ ಕುದುರೆಯ ಮೇಲೆ ಎತ್ತಿ ಹಾಕಿಕೊಂಡು ಕೋಟೆ ಸೇರಿಸಿದೆ. ಅವನು ಎಚ್ಚರಾದಾಗ ನಗುತ್ತಾ ನನಗೆ ಈ ಹೆಸರಿಟ್ಟ. ಇನ್ನೊಂದು ಸಲ ಡೆಡ್‌ವುಡ್ ಅನ್ನುವ ಗಣಿಯೂರಿನ ದಾರಿಯಲ್ಲಿ ಅಂಚೆಯ ಕುದುರೆಗಾಡಿ ಓಡಿಸುವವನನ್ನು ಕೊಂದಿದ್ದರು. ನಾನು ಅವನ ಜಾಗದಲ್ಲಿ ಕೂತು ಆರು ಜನ ಪ್ರಯಾಣಿಕರ ಸಮೇತ ಗಾಡಿಯನ್ನು ಊರಿಗೆ ಮುಟ್ಟಿಸಿದೆ. 1876ರ ಆಗಸ್ಟ್ 2ರಂದು ಹೆಸರುವಾಸಿ ಬಂದೂಕಿನವನಾದ ವೈಲ್ಡ್ ಬಿಲ್ ಹಿಕಾಕ್‌ನನ್ನು ಇಸ್ಪೀಟ್ ಆಡುತ್ತಾ ಕೂತಿದ್ದಾಗ ಜಾಕ್ ಮಕಾಲ್ ಹಿಂದಿನಿಂದ ಗುಂಡು ಹೊಡೆದು ಕೊಂದ. ಆ ಸುದ್ದಿ ಕೇಳಿದ ಗಾಬರಿಯಲ್ಲಿ ನನ್ನ ಬಂದೂಕುಗಳನ್ನು ಮಂಚದ ಕಾಲಿಗೆ ನೇತುಹಾಕಿ ಹಾಗೇ ಬಿಟ್ಟು ಬಂದುಬಿಟ್ಟಿದ್ದೆ. ಮಕಾಲ್ ಮಾಂಸದ ಅಂಗಡಿಯಲ್ಲಿ ಸಿಕ್ಕಿದ. ಅಲ್ಲೇ ಇದ್ದ ಮಚ್ಚು ಎತ್ತಿಕೊಂಡು ಅವನ ಎರಡೂ ಕೈ ಮೇಲೆತ್ತಿಸಿದೆ.

ಮಂಚದ ಕಾಲಿನ ಬಂದೂಕು ನೋಡಿ. ಎಂಥಾ ಕಸುಬುದಾರಿಕೆ! ಮಚ್ಚು ಬೇಕು, ಕತೆಗೆ ಅದು ಚೆಂದ. ಆದರೆ ಕೇಳುವವನು ಕೇಳುತ್ತಾನೆ, ಸದಾ ಬಂದೂಕು ಇಟ್ಟುಕೊಂಡವಳು ನೀನು, ಮಚ್ಚು ಯಾಕೆ ಅಂತ. ಅವನು ಕೇಳುವ ಮೊದಲೇ ಉತ್ತರ ಇಟ್ಟಿದ್ದಾಳೆ. ಬೆಂಕಿ ಮುಂದೆ ಕೂತು ಹತ್ತಾರು ಸಲ ಹೇಳಿ, ಎಲ್ಲಿ ಜನ ಅನುಮಾನಪಡುತ್ತಾರೆ ಅಂತ ಗೊತ್ತಾದವರಿಗೆ ಮಾತ್ರ ಇದು ಬರುತ್ತದೆ. ಆಲ್ಮನಾಕ್‌ನ ಬಾಸ್ಟನ್ ಬರಹಗಾರರಿಗಿಂತ ಇವಳು ದೊಡ್ಡ ಕತೆಗಾರ್ತಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇತಿಹಾಸಕಾರರು ಇದರಲ್ಲಿ ಬಹುಪಾಲು ಒಪ್ಪುವುದಿಲ್ಲ. ಕ್ಯಾಪ್ಟನ್ ಕತೆ ನಿಜವಲ್ಲ, ಮಚ್ಚಿನ ಕತೆಯೂ ನಿಜವಲ್ಲ. ಹುಟ್ಟಿದ ವರ್ಷವೂ ಅವಳು ಹೇಳಿದ 1852 ಅಲ್ಲ, 1856ರ ಆಸುಪಾಸು. ಸರಿ. ಆದರೆ ಇದನ್ನು ಹೇಳುವ ದನಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ರಕೂನ್ ಅನ್ನುವ ಕಾಡುಪ್ರಾಣಿಯನ್ನು ನಗುವಿನಿಂದಲೇ ಮರದಿಂದ ಇಳಿಸಿದೆ ಅನ್ನುವ ಡೇವಿ ಕ್ರೊಕೆಟ್ ಜನಪದದ ವೀರ. ಅಂಥ ಮಾತಿನ ಬಲದಿಂದಲೇ ಅವನಿಗೆ ವೋಟೂ ಬಿತ್ತು. ಅದೇ ಕೆಲಸ ಮಾಡಿದ ಜೇನ್ ಸುಳ್ಳುಗಾತಿ, ಕುಡುಕಿ. ಕುಡಿಯುತ್ತಿದ್ದಳು, ಹೌದು, ಅದರಿಂದಲೇ ಸತ್ತಳು ಅಂದರೂ ತಪ್ಪಿಲ್ಲ. ಆದರೆ ಗಡಿಯ ಊರುಗಳಲ್ಲಿ ಕುಡಿಯದ ಗಂಡಸು ಎಷ್ಟಿದ್ದ?

ಹೇಳದೆ ಬಿಟ್ಟದ್ದು

ಕಿರುಪುಸ್ತಕದಲ್ಲಿ ಇಲ್ಲದ ಎರಡು ವಿಷಯಗಳು ನನ್ನನ್ನು ಜಾಸ್ತಿ ಕಾಡಿದವು. ಮೊದಲನೆಯದು ಅವಳ ಬಾಲ್ಯ. ಮಿಸ್ಸೂರಿಯ ಪ್ರಿನ್ಸ್‌ಟನ್‌ನಿಂದ ಅವಳ ಅಪ್ಪ ಅಮ್ಮ ಗಾಡಿ ಕಟ್ಟಿಕೊಂಡು ಚಿನ್ನದ ಆಸೆಗೆ ಮೊಂಟಾನಾದ ವರ್ಜಿನಿಯಾ ಸಿಟಿಗೆ ಬಂದರು. ದಾರಿಯುದ್ದಕ್ಕೂ ಗಂಡಸರ ಜೊತೆ ಬೇಟೆಯಾಡಿದೆ, ಆ ವಯಸ್ಸಿಗೆ ನಾನು ಭಾರಿ ಗುರಿಕಾರಳು, ಭಯವಿಲ್ಲದ ಸವಾರಳು ಅಂತ ಹೇಳಿಕೊಳ್ಳುತ್ತಾಳೆ. ಆ ಊರಿನ ಪತ್ರಿಕೆಯಲ್ಲಿ 1864ರ ಡಿಸೆಂಬರ್ ಕೊನೆಗೆ ಬೇರೆಯೇ ಸುದ್ದಿ ಇದೆ. ಕ್ಯಾನರಿ ಅಂತ ಹೆಸರು ಹೇಳಿದ ಮೂವರು ಹೆಣ್ಣುಮಕ್ಕಳು, ಆ ಚಳಿಯಲ್ಲಿ, ಒಬ್ಬರ ಮನೆ ಬಾಗಿಲಿಗೆ ಭಿಕ್ಷೆಗೆ ಬಂದಿದ್ದರು. ಅಪ್ಪನಿಗೆ ಜೂಜು, ತಾಯಿಯೂ ಮಕ್ಕಳನ್ನು ನೋಡುತ್ತಿರಲಿಲ್ಲ. ಇನ್ನು ಎರಡು ಮೂರು ವರ್ಷದಲ್ಲಿ ಇಬ್ಬರೂ ತೀರಿಕೊಂಡರು. ಹಿರಿಯ ಮಗಳು ಮಾರ್ಥಾಳಿಗೆ ಆಗ ಇನ್ನೂ ಹದಿನೈದೂ ತುಂಬಿರಲಿಲ್ಲ. ಹಸಿದು ಬಾಗಿಲು ತಟ್ಟಿದ್ದನ್ನು ಹೇಳುವ ಬದಲು ಬೇಟೆಯಾಡಿದೆ ಅಂತ ಹೇಳಿಕೊಂಡರೆ, ಅದನ್ನು ಸುಳ್ಳು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎರಡನೆಯದು ಇನ್ನೂ ವಿಚಿತ್ರ. 1878ರಲ್ಲಿ ಡೆಡ್‌ವುಡ್‌ಗೆ ಸಿಡುಬು ಬಂತು. ಚಿನ್ನದ ಗಣಿಯ ಊರು, ಗುಡಿಸಲುಗಳಲ್ಲಿ ಒಂಟಿ ಗಂಡಸರು, ಮುಟ್ಟಲು ಯಾರೂ ಇಲ್ಲ. ಆ ಗುಡಿಸಲುಗಳೊಳಗೆ ಹೋಗಿ ನೀರು ಕೊಟ್ಟು, ಮೈ ಒರೆಸಿ, ಸತ್ತವರನ್ನು ಹೂಳಲು ಕೈಗೂಡಿಸಿದವಳು ಜೇನ್ ಅಂತ ಆ ಊರಿನವರು ಮುಂದೆ ಎಷ್ಟೋ ವರ್ಷ ನೆನೆದರು. ಅವಳ ಉಳಿದ ಯಾವುದನ್ನೂ ನಂಬದವರೂ ಇದನ್ನು ಒಪ್ಪುತ್ತಾರೆ. ಕಿರುಪುಸ್ತಕದಲ್ಲಿ ಇದರ ಸುದ್ದಿಯೇ ಇಲ್ಲ! 1878ರಲ್ಲಿ ಎಲ್ಲಿದ್ದೆ ಅಂದರೆ, ಸೈನ್ಯ ಬಿಟ್ಟು ರ್‍ಯಾಪಿಡ್ ಸಿಟಿಗೆ ಹೋಗಿ ಆ ವರ್ಷವೆಲ್ಲ ಚಿನ್ನ ಹುಡುಕುತ್ತಿದ್ದೆ ಅನ್ನುತ್ತಾಳೆ. ಮಾಡದ ಸಾಹಸ ಹೇಳಿಕೊಂಡಳು, ಮಾಡಿದ ಸೇವೆ ಬಿಟ್ಟಳು.

ಯಾಕೆ ಬಿಟ್ಟಳು ಅಂತ ನಾನು ತುಂಬಾ ಯೋಚಿಸಿದ್ದೇನೆ. ಬಡಾಯಿಗೆ ಅದು ಒಗ್ಗುವುದಿಲ್ಲ ಅಂತ ಅನ್ನಿಸಿರಬಹುದು. ಸಿಡುಬಿನ ರೋಗಿಯ ಬಾಯಿಗೆ ಚಮಚದಲ್ಲಿ ಗಂಜಿ ಹಾಕುವುದರಲ್ಲಿ ಕುದುರೆ ಇಲ್ಲ, ಗುಂಡಿಲ್ಲ, ಟಿಕೆಟ್ ಕೊಟ್ಟು ಬಂದವನು ಶಿಳ್ಳೆ ಹಾಕುವಂಥದ್ದು ಏನೂ ಇಲ್ಲ. ಅಥವಾ ಹೆಂಗಸು ರೋಗಿಯ ಆರೈಕೆ ಮಾಡುವುದು ಹೇಳಿಕೊಳ್ಳುವ ವಿಷಯವೇ ಅಲ್ಲ ಅಂತ ಅವಳಿಗೂ ಅನ್ನಿಸಿರಬಹುದು. ನಮ್ಮ ಮನೆಗಳ ಹೆಂಗಸರನ್ನು ನೋಡಿದರೆ ಎರಡನೆಯದೇ ನಿಜ ಅನ್ನಿಸುತ್ತದೆ. ಅಮ್ಮ ತನ್ನ ಅತ್ತೆಯನ್ನು ಹಾಸಿಗೆ ಹಿಡಿದ ಮೇಲೆ ವರ್ಷಗಟ್ಟಲೆ ನೋಡಿಕೊಂಡಳು. ಆ ಕಾಲದ ಕತೆ ಹೇಳು ಅಂದರೆ, ಒಂದು ಮಳೆಗಾಲ ಹಿತ್ತಲಿಗೆ ಬಂದ ನಾಗರಹಾವನ್ನು ದೊಣ್ಣೆಯಲ್ಲಿ ಓಡಿಸಿದ್ದನ್ನು ಹೇಳುತ್ತಾಳೆ. ಪ್ರತಿಸಲ ಹೇಳುವಾಗಲೂ ಹಾವು ಒಂದು ಮೊಳ ಬೆಳೆದಿರುತ್ತದೆ.

ಜೇನ್ 1903ರ ಆಗಸ್ಟ್ 1ರಂದು, ಡೆಡ್‌ವುಡ್ ಹತ್ತಿರದ ಟೆರಿ ಅನ್ನುವ ಗಣಿಯೂರಿನಲ್ಲಿ ತೀರಿಕೊಂಡಳು. ಮೌಂಟ್ ಮೊರಾಯ ಸ್ಮಶಾನದಲ್ಲಿ ವೈಲ್ಡ್ ಬಿಲ್ ಹಿಕಾಕ್‌ನ ಪಕ್ಕದಲ್ಲೇ ಅವಳನ್ನು ಹೂಳಿದರು. ಇವತ್ತಿಗೂ ಪ್ರವಾಸಿಗರು ಜೋಡಿ ಸಮಾಧಿ ಅಂತ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಶುರುವಾಯಿತು ಬೇರೆಯವರ ಬಡಾಯಿ. ಅವರಿಬ್ಬರೂ ಪ್ರೇಮಿಗಳು, ಗುಟ್ಟಾಗಿ ಮದುವೆಯಾಗಿದ್ದರು ಅಂತ ಕತೆ ಹುಟ್ಟಿತು. 1941ರಲ್ಲಿ ಒಬ್ಬಾಕೆ ನಾನು ಅವರಿಬ್ಬರ ಮಗಳು ಅಂತ ಕಾಗದಪತ್ರ ಹಿಡಿದು ಬಂದಳು. ಅವು ನಕಲಿ ಅಂತಲೇ ಇತಿಹಾಸಕಾರರು ತೀರ್ಮಾನಿಸಿದ್ದಾರೆ. ನಿಜ ನೋಡಿದರೆ ಇಬ್ಬರಿಗೂ ಪರಿಚಯ ಇದ್ದದ್ದೇ ಅವನ ಕೊನೆಯ ಕೆಲವು ವಾರ. ಡೆಡ್‌ವುಡ್‌ಗೆ ಬರುವ ಗಾಡಿಗಳ ಗುಂಪಿನಲ್ಲಿ ಜೊತೆಯಾದವರು ಅವರು. ಕಿರುಪುಸ್ತಕ ಬರುವ ಹೊತ್ತಿಗೆ ಹಿಕಾಕ್ ಸತ್ತು ಇಪ್ಪತ್ತು ವರ್ಷವಾಗಿತ್ತು. ಅಮೆರಿಕದಲ್ಲಿ ಅವನಷ್ಟು ಹೆಸರುವಾಸಿ ಬಂದೂಕಿನವನು ಇನ್ನೊಬ್ಬನಿರಲಿಲ್ಲ. ಅವನ ಪ್ರೇಯಸಿ ನಾನು ಅಂತ ಒಂದು ಸಾಲು ಸೇರಿಸಿದ್ದರೆ ಪುಸ್ತಕ ಇನ್ನೂ ಎಷ್ಟೋ ಪಟ್ಟು ಮಾರಾಟವಾಗುತ್ತಿತ್ತು, ಇಲ್ಲ ಅನ್ನುವವರೂ ಯಾರೂ ಇರಲಿಲ್ಲ. ಕ್ಯಾಪ್ಟನ್‌ನನ್ನು ಕುದುರೆ ಮೇಲೆ ಎತ್ತಿಹಾಕಿಕೊಂಡವಳು, ಮಚ್ಚು ಹಿಡಿದು ಮಕಾಲ್‌ನ ಕೈ ಮೇಲೆತ್ತಿಸಿದವಳು, ಆ ಸಾಲನ್ನು ಮಾತ್ರ ಸೇರಿಸಲಿಲ್ಲ. ಹಿಕಾಕ್ ಬಗ್ಗೆ ಅವಳು ಹೇಳಿದ್ದು "ನನ್ನ ಸ್ನೇಹಿತ" ಅಂತ, ಅಷ್ಟೇ. ಈ ಒಂದು ವಿಷಯದಲ್ಲಿ ನಾನು ಸಮಾಧಿಯ ಮುಂದಿನ ಗೈಡ್‌ಗಳನ್ನು ಬಿಟ್ಟು ಅವಳ ಮಾತನ್ನೇ ನಂಬುತ್ತೇನೆ.